ಬಿಟ್‌ಕಾಯಿನ್ ವಹಿವಾಟು ಅರ್ಧದಲ್ಲೇ ನಿಂತಿದೆಯೇ? ನೋಡ್ ಅದನ್ನು ಏನು ಮಾಡುತ್ತದೆ, ನೀವೇನು ಮಾಡಬೇಕು

‘ಕಳಿಸಿ ಎರಡು ದಿನವಾಯಿತು, ಇನ್ನೂ ಅನ್‌ಕನ್ಫರ್ಮ್ಡ್ ಅಂತಲೇ ತೋರಿಸುತ್ತಿದೆ. ದುಡ್ಡು ಹೋಯಿತಾ?’ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಬರುವ ಇನ್ನೊಂದು: ‘ಮಿಸ್ಸಿಂಗ್ ಇನ್‌ಪುಟ್ಸ್ ಅಂತ ಎರರ್ ಬರುತ್ತಿದೆ, ಏನಿದು?’

ಮೊದಲು ಸಮಾಧಾನದ ಮಾತು. ಬ್ಯಾಂಕಿನಲ್ಲಿ ಈ ಕಡೆ ಹಣ ಕಡಿತವಾಗಿ ಆ ಕಡೆ ಜಮೆಯಾಗದೆ ನಡುವೆ ಸಿಕ್ಕಿಹಾಕಿಕೊಳ್ಳುವುದುಂಟಲ್ಲ, ಅಂಥ ನಡುದಾರಿ ಬಿಟ್‌ಕಾಯಿನ್‌ನಲ್ಲಿ ಇಲ್ಲವೇ ಇಲ್ಲ. ನಿಮ್ಮ ವಹಿವಾಟು ಒಂದು ಬ್ಲಾಕಿನೊಳಗೆ (ಎಲ್ಲರೂ ಒಪ್ಪುವ ಲೆಕ್ಕದ ಪುಸ್ತಕದ ಒಂದು ಪುಟ ಎನ್ನಿ) ಸೇರುವ ತನಕ ನಾಣ್ಯ ಹಳೆಯ ಜಾಗದಲ್ಲೇ ಇರುತ್ತದೆ. ಹಾಗೆ ಸೇರುವುದನ್ನೇ ‘ಕನ್ಫರ್ಮ್’ ಆಗುವುದು ಎನ್ನುತ್ತಾರೆ. ಜಾಲದಲ್ಲಿ ಓಡಾಡುತ್ತಿರುವುದು ‘ಇದನ್ನು ಇಂಥವರಿಗೆ ಕೊಡಿ’ ಎಂಬ ಸಹಿ ಹಾಕಿದ ಚೀಟಿ ಮಾತ್ರ. ಚೀಟಿಯಲ್ಲಿ ಏನಾದರೊಂದು ಕೊರತೆ ಇದ್ದರೆ ನೋಡ್‌ಗಳು ಅದನ್ನು ಎಸೆಯುತ್ತವೆ, ಇಲ್ಲವೇ ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತವೆ. ಕೊರತೆ ಸಹಿಯದೋ, ಕಾಲದ್ದೋ, ತಾಯಿ ವಹಿವಾಟಿನದೋ, ಶುಲ್ಕದ್ದೋ ಎಂದು ತಿಳಿಯದೆ ಏನೂ ಮಾಡಬೇಡಿ. ಗಾಬರಿಯಲ್ಲಿ ಎರಡನೇ ಸಲ ಹಣ ಕಳಿಸಿ, ಆಮೇಲೆ ಎರಡೂ ಕನ್ಫರ್ಮ್ ಆಗಿ ಕೈ ಸುಟ್ಟುಕೊಂಡವರಿದ್ದಾರೆ.

ಈ ಲೇಖನ ಬಿಟ್‌ಕಾಯಿನ್ ಬಗ್ಗೆ. ನೋಡ್‌ನ ನಡವಳಿಕೆ ಎಂದಾಗಲೆಲ್ಲ ಹೆಚ್ಚು ಜನ ಓಡಿಸುವ ‘ಬಿಟ್‌ಕಾಯಿನ್ ಕೋರ್’ ತಂತ್ರಾಂಶವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಈಥೀರಿಯಂ ಬಳಸುವವರಿಗೆ ನಡುವೆ ಒಂದು ಮಾತಿದೆ.

ಮೊದಲು ಕೆಲವು ಪದಗಳು

ನೋಡ್: ಬಿಟ್‌ಕಾಯಿನ್ ತಂತ್ರಾಂಶ ಓಡಿಸುತ್ತಿರುವ ಒಂದು ಕಂಪ್ಯೂಟರ್. ಪ್ರತಿ ನೋಡ್ ತಾನೇ ಎಲ್ಲವನ್ನೂ ಪರಿಶೀಲಿಸುತ್ತದೆ, ಪಕ್ಕದವರ ಮಾತು ನಂಬುವುದಿಲ್ಲ.

ಮೆಂಪೂಲ್: ಪರಿಶೀಲನೆಯಲ್ಲಿ ಪಾಸಾಗಿ, ಬ್ಲಾಕಿಗಾಗಿ ಕಾಯುತ್ತಿರುವ ವಹಿವಾಟುಗಳ ಸಾಲು. ಇಡೀ ಜಗತ್ತಿಗೆ ಒಂದೇ ಮೆಂಪೂಲ್ ಇದೆ ಎಂದುಕೊಳ್ಳಬೇಡಿ. ಪ್ರತಿ ನೋಡ್‌ಗೂ ಅದರದೇ ಮೆಂಪೂಲ್.

ಇನ್‌ಪುಟ್: ನೀವು ಖರ್ಚು ಮಾಡುತ್ತಿರುವ ಹಳೆಯ ನಾಣ್ಯದ ಗುರುತು. ಯಾವ ಹಿಂದಿನ ವಹಿವಾಟಿನ ಎಷ್ಟನೇ ಔಟ್‌ಪುಟ್ (ಆ ವಹಿವಾಟು ಕೊಟ್ಟ ನಾಣ್ಯ) ಎಂಬುದು ಅದರಲ್ಲಿರುತ್ತದೆ.

ತಾಯಿ ಮತ್ತು ಮಗು: ಹಿಂದಿನ ವಹಿವಾಟು ತಾಯಿ, ಅದರ ನಾಣ್ಯ ಬಳಸುವ ಹೊಸದು ಮಗು. ಸೈಟು ಕೊಳ್ಳಲು ಹೋದವರು ಮೊದಲು ಮದರ್ ಡೀಡ್ ಕೇಳುತ್ತಾರಲ್ಲ, ನೋಡ್ ಕೇಳುವುದೂ ಅದನ್ನೇ.

ಅನಾಥ ವಹಿವಾಟು: ತಾಯಿ ಕೈಗೆ ಸಿಗದ ಮಗು. ಇಂಗ್ಲಿಷಿನಲ್ಲಿ ಆರ್ಫನ್ ಎನ್ನುತ್ತಾರೆ. ‘ಆರ್ಫನ್ ಬ್ಲಾಕ್’ ಬೇರೆಯೇ ವಿಷಯ, ಎರಡನ್ನೂ ಕಲಸಿಕೊಳ್ಳಬೇಡಿ.

ಸಟೋಶಿ: ಒಂದು ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲಿ ಒಂದು ಭಾಗ. ಶುಲ್ಕದ ದರ ಹೇಳುವುದು ಒಂದು ವರ್ಚುವಲ್ ಬೈಟಿಗೆ ಇಷ್ಟು ಸಟೋಶಿ ಎಂದು. ಎಷ್ಟು ಹಣ ಕಳಿಸುತ್ತೀರಿ ಎಂಬುದಕ್ಕೂ ಶುಲ್ಕಕ್ಕೂ ಸಂಬಂಧವಿಲ್ಲ. ಚೀಟಿ ಎಷ್ಟು ಉದ್ದ ಎಂಬುದೇ ಲೆಕ್ಕ.

ಏನೇನು ಬೇಕು

ವಹಿವಾಟಿನ ಐಡಿ (64 ಅಕ್ಷರಗಳ ಉದ್ದನೆಯ ಸಂಖ್ಯೆ), ಸಾಧ್ಯವಾದರೆ ವಹಿವಾಟಿನ ಕಚ್ಚಾ ರೂಪ (ರಾ ಟ್ರಾನ್ಸಾಕ್ಷನ್), ನಾಣ್ಯದ ಕೀಲಿ ಇರುವ ವಾಲೆಟ್, ಮತ್ತು ನೋಡಲು ಒಂದು ಬ್ಲಾಕ್ ಎಕ್ಸ್‌ಪ್ಲೋರರ್ (ಐಡಿ ಕೊಟ್ಟರೆ ವಹಿವಾಟು ಹುಡುಕಿ ತೋರಿಸುವ ಜಾಲತಾಣ). ಸ್ವಂತ ನೋಡ್ ಇದ್ದರೆ ಬಹಳ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮುಂದೆ ಬರುವ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಬಿಟ್‌ಕಾಯಿನ್ ಕೋರ್‌ನ ಕನ್ಸೋಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ನೀವು ಎಕ್ಸ್‌ಚೇಂಜಿನಿಂದ ಹಣ ತೆಗೆಯುತ್ತಿದ್ದರೆ ಕೀಲಿ ಅವರ ಹತ್ತಿರ ಇರುತ್ತದೆ, ಸಹಿಯೂ ಅವರದೇ. ಅವರು ಐಡಿ ಕೊಡದಿದ್ದರೆ ವಹಿವಾಟು ಜಾಲಕ್ಕೆ ಬಂದೇ ಇಲ್ಲ ಎಂದುಕೊಳ್ಳಿ. ಆಗ ಕೆಳಗಿನ ಯಾವ ಹಂತವೂ ಉಪಯೋಗಕ್ಕೆ ಬಾರದು, ಅವರನ್ನೇ ಕೇಳಬೇಕು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಿಂತ ವಹಿವಾಟನ್ನು ‘ಬಿಡಿಸಿಕೊಡುತ್ತೇವೆ’ ಎಂದು ಟೆಲಿಗ್ರಾಂನಲ್ಲಿ ಬರುವವರಿಗೆ ನಿಮ್ಮ 12 ಅಥವಾ 24 ಪದಗಳ ಸೀಡ್ (ವಾಲೆಟ್‌ನ ಎಲ್ಲ ಕೀಲಿಗಳ ಮೂಲ) ಯಾವ ಕಾರಣಕ್ಕೂ ಕೊಡಬೇಡಿ. ಕೆಳಗಿನ ಯಾವ ಹಂತಕ್ಕೂ ಅದನ್ನು ಇನ್ನೊಬ್ಬರಿಗೆ ಹೇಳುವ ಅಗತ್ಯವಿಲ್ಲ. ಈಗಾಗಲೇ ಕೊಟ್ಟು ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ.

ಹಂತ 1: ಚೀಟಿ ಎಲ್ಲಿದೆ ಎಂದು ನೋಡಿ

ಐಡಿಯನ್ನು ಒಂದಲ್ಲ, ಎರಡು ಎಕ್ಸ್‌ಪ್ಲೋರರ್‌ಗಳಲ್ಲಿ ಹುಡುಕಿ. ಪ್ರತಿಯೊಂದೂ ತನ್ನ ನೋಡ್‌ನ ಮೆಂಪೂಲನ್ನು ಮಾತ್ರ ತೋರಿಸುತ್ತದೆ. ಒಂದರಲ್ಲಿ ಇಲ್ಲ ಎಂದ ಮಾತ್ರಕ್ಕೆ ಎಲ್ಲೂ ಇಲ್ಲ ಎಂದಲ್ಲ.

ಎರಡರಲ್ಲೂ ಕಂಡು, ಕನ್ಫರ್ಮ್ ಆಗಿಲ್ಲ ಎಂದಿದ್ದರೆ ವಹಿವಾಟಿನಲ್ಲಿ ದೋಷವಿಲ್ಲ, ಶುಲ್ಕ ಕಡಿಮೆ ಅಷ್ಟೇ. ನೇರ 5ನೇ ಹಂತಕ್ಕೆ ಹೋಗಿ. ಎಲ್ಲೂ ಕಾಣದಿದ್ದರೆ ಮುಂದಿನ ಹಂತ. ಕನ್ಫರ್ಮ್ ಆಗಿದೆ ಎಂದು ತೋರಿಸಿದರೆ ನಿಮ್ಮ ವಾಲೆಟ್ ಹಿಂದೆ ಬಿದ್ದಿದೆ, ಅದನ್ನು ಸಿಂಕ್ ಮಾಡಿ.

ಹಂತ 2: ಸಹಿ ಪೂರ್ತಿಯಾಗಿದೆಯೇ?

ಮೂವರಲ್ಲಿ ಇಬ್ಬರು ಸಹಿ ಹಾಕಬೇಕಾದ ಮಲ್ಟಿಸಿಗ್ ವಾಲೆಟ್‌ನಲ್ಲಿ ಒಬ್ಬರೇ ಸಹಿ ಹಾಕಿ ‘ಕಳಿಸಿದೆ’ ಎಂದುಕೊಳ್ಳುವುದು ಸಾಮಾನ್ಯ. ಸಹಿ ಕೊರತೆಯಿರುವ ವಹಿವಾಟನ್ನು ನೋಡ್ ಮೆಂಪೂಲಿಗೆ ಸೇರಿಸುವುದಿಲ್ಲ. ಉಳಿದ ಸಹಿ ಬರಲಿ ಎಂದು ಕಾಯುವ ಏರ್ಪಾಡು ಜಾಲದಲ್ಲಿ ಎಲ್ಲೂ ಇಲ್ಲ. ಸಹಿ ಕೂಡಿಸುವುದು ಜಾಲದ ಹೊರಗೆ, ನಿಮ್ಮ ನಿಮ್ಮಲ್ಲೇ ಆಗಬೇಕಾದ ಕೆಲಸ.

ಅದಕ್ಕೆಂದೇ ಪಿಎಸ್‌ಬಿಟಿ ಎಂಬ ಕಡತದ ರೂಪವಿದೆ: ಅರ್ಧ ಸಹಿಯಾದ ವಹಿವಾಟನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಲಕೋಟೆ. ಬಿಪ್ 174 ಎಂಬ ಪ್ರಸ್ತಾವದಲ್ಲಿ ಅದರ ನಿಯಮಗಳಿವೆ. ಗುರುತಿಸುವುದು ಸುಲಭ. ಪಠ್ಯರೂಪದ ಪಿಎಸ್‌ಬಿಟಿ ಯಾವಾಗಲೂ ಇಂಗ್ಲಿಷಿನ ಸಿ, ಎಚ್, ಎನ್, ಐ, ಡಿ, ಪಿ ಅಕ್ಷರಗಳಿಂದಲೇ ಶುರುವಾಗುತ್ತದೆ. ನಿಮ್ಮ ಕೈಯಲ್ಲಿರುವುದು ಹೀಗಿದ್ದರೆ ಅದಿನ್ನೂ ಲಕೋಟೆಯೊಳಗೇ ಇದೆ, ಜಾಲಕ್ಕೆ ಹೋಗಿಲ್ಲ.

‘ಅನಲೈಜ್‌ಪಿಎಸ್‌ಬಿಟಿ’ ಕಮಾಂಡ್ ಕೊಟ್ಟರೆ ಮುಂದಿನ ಕೆಲಸ ಯಾರದು ಎಂದು ಹೇಳುತ್ತದೆ. ‘ಸೈನರ್’ ಎಂದರೆ ಸಹಿ ಬಾಕಿ. ‘ಫೈನಲೈಜರ್’ ಎಂದರೆ ಸಹಿಗಳು ಬಂದಿವೆ, ಜೋಡಿಸುವುದು ಬಾಕಿ. ‘ಎಕ್ಸ್‌ಟ್ರಾಕ್ಟರ್’ ಎಂದರೆ ಲಕೋಟೆಯಿಂದ ತೆಗೆದು ಕಳಿಸುವುದಷ್ಟೇ ಬಾಕಿ. ಸ್ಪ್ಯಾರೋ, ಎಲೆಕ್ಟ್ರಮ್‌ನಂಥ ವಾಲೆಟ್‌ಗಳಲ್ಲಿ ಕಡತವನ್ನು ತೆರೆದರೇ ಎಷ್ಟು ಸಹಿ ಆಗಿದೆ ಎಂದು ಕಾಣುತ್ತದೆ.

ಇಲ್ಲಿ ಎಡವುವುದು ಹೀಗೆ: ಇಬ್ಬರೂ ಬೇರೆ ಬೇರೆ ಪ್ರತಿಗೆ ಸಹಿ ಹಾಕಿರುತ್ತಾರೆ. ಒಬ್ಬರ ಪ್ರತಿಯಲ್ಲಿ ಶುಲ್ಕ ಒಂದು ಸಟೋಶಿ ಬದಲಾಗಿದ್ದರೂ ಅದು ಬೇರೆ ವಹಿವಾಟು, ಸಹಿಗಳು ಒಂದಕ್ಕೊಂದು ಕೂಡುವುದಿಲ್ಲ.

ಹಂತ 3: ಕಾಲ ಬಂದಿದೆಯೇ?

ವಹಿವಾಟಿನಲ್ಲಿ ಲಾಕ್‌ಟೈಮ್ ಎಂಬ ಸಂಖ್ಯೆಯಿರುತ್ತದೆ. ಅದು 50 ಕೋಟಿಗಿಂತ ಕಡಿಮೆಯಿದ್ದರೆ ಬ್ಲಾಕಿನ ಎತ್ತರ (ಎಷ್ಟನೇ ಬ್ಲಾಕ್ ಎಂಬ ಸಂಖ್ಯೆ), ಅದಕ್ಕಿಂತ ಹೆಚ್ಚಿದ್ದರೆ ಗಡಿಯಾರದ ಸಮಯ. ಕಾಲ ಬರುವ ಮೊದಲೇ ಕಳಿಸಿದರೆ ‘ನಾನ್-ಫೈನಲ್’ ಎಂದು ನೋಡ್ ತಿರಸ್ಕರಿಸುತ್ತದೆ, ಇಟ್ಟುಕೊಳ್ಳುವುದಿಲ್ಲ.

ನೀವು ಲಾಕ್‌ಟೈಮ್ ಹಾಕದಿದ್ದರೂ ಈ ಎರರ್ ಬರಬಹುದು. ಹಲವು ವಾಲೆಟ್‌ಗಳು ತಾವಾಗಿಯೇ ಆ ಹೊತ್ತಿನ ಬ್ಲಾಕ್ ಎತ್ತರವನ್ನು ಲಾಕ್‌ಟೈಮ್ ಆಗಿ ಹಾಕುತ್ತವೆ. ಅದನ್ನು ಒಂದೆರಡು ಬ್ಲಾಕ್ ಹಿಂದಿರುವ ನೋಡ್‌ಗೆ ಕೊಟ್ಟರೆ ಅದರ ಪಾಲಿಗೆ ನಿಮ್ಮ ವಹಿವಾಟು ನಾಳೆಯದು. ನೋಡ್ ಸಿಂಕ್ ಆಗಲಿ, ಮತ್ತೆ ಕಳಿಸಿ.

ಹಂತ 4: ತಾಯಿ ಇದ್ದಾಳೆಯೇ?

ಜನ ಹೆಚ್ಚು ಗೊಂದಲಪಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಪಕ್ಕದ ನೋಡ್ ನಿಮ್ಮ ನೋಡ್‌ಗೆ ಮೊದಲು ‘ನನ್ನಲ್ಲಿ ಇಂಥ ಐಡಿಯ ವಹಿವಾಟಿದೆ’ ಎಂದು ತಿಳಿಸುತ್ತದೆ. ನಿಮ್ಮ ನೋಡ್ ‘ಕೊಡು’ ಎನ್ನುತ್ತದೆ, ವಹಿವಾಟು ಬರುತ್ತದೆ. ಪ್ರತಿ ಇನ್‌ಪುಟ್ ತೆಗೆದುಕೊಂಡು ಅದು ಹೇಳುವ ತಾಯಿ ಬ್ಲಾಕುಗಳಲ್ಲಿ ಇದ್ದಾಳೆಯೇ, ಮೆಂಪೂಲಿನಲ್ಲಿ ಇದ್ದಾಳೆಯೇ ಎಂದು ನೋಡ್ ಹುಡುಕುತ್ತದೆ. ಎರಡೂ ಕಡೆ ಇಲ್ಲ. ಈಗ ಅದರ ಕೈ ಕಟ್ಟಿದಂತೆ: ನಾಣ್ಯ ಎಷ್ಟರದು ಎಂಬುದು ತಾಯಿಯಲ್ಲಿ ಬರೆದಿದೆ, ಮಗುವಿನಲ್ಲಿ ಅಲ್ಲ. ಬಂದ ಹಣ ಗೊತ್ತಿಲ್ಲದೆ ಶುಲ್ಕ ಎಷ್ಟು ಎಂದು ಲೆಕ್ಕ ಹಾಕಲಾಗದು. ಯಾವ ಕೀಲಿಯ ಸಹಿ ಬೇಕು ಎಂಬುದೂ ತಾಯಿಯಲ್ಲೇ ಇದೆ, ಆದ್ದರಿಂದ ಸಹಿಯನ್ನೂ ಪರೀಕ್ಷಿಸಲಾಗದು.

ಹಾಗಾಗಿ ನೋಡ್ ಅದನ್ನು ಮೆಂಪೂಲಿಗೆ ಸೇರಿಸದೆ ‘ಆರ್ಫನೇಜ್’ ಎಂಬ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಕಳಿಸಿದ ನೋಡ್‌ನ ಬಳಿಯೇ ‘ಇದರ ತಾಯಿಯನ್ನು ಕೊಡು’ ಎಂದು ಕೇಳುತ್ತದೆ. ತಾಯಿ ಬಂದು ಪಾಸಾದರೆ ಮಗುವನ್ನು ತಕ್ಷಣ ಮತ್ತೆ ಪರಿಶೀಲಿಸಿ ಇಬ್ಬರನ್ನೂ ಮೆಂಪೂಲಿಗೆ ಸೇರಿಸುತ್ತದೆ. ಎಲ್ಲ ಸರಿಯಿದ್ದರೆ ಇಷ್ಟೂ ಕೆಲವು ಸೆಕೆಂಡುಗಳ ಕೆಲಸ, ನಿಮಗೆ ಗೊತ್ತೂ ಆಗುವುದಿಲ್ಲ.

ತಾಯಿ ಬಾರದಿದ್ದರೆ? ಈ ಪೆಟ್ಟಿಗೆಗೆ ಬಿಗಿಯಾದ ಮಿತಿ ಹಾಕಿದ್ದಾರೆ, ಅದು ಸರಿಯೂ ಹೌದು. ಪರೀಕ್ಷಿಸಲಾಗದ ಚೀಟಿಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಲಕ್ಷಗಟ್ಟಲೆ ಸೃಷ್ಟಿಸಿ ನೋಡ್‌ನ ಮೆಮೊರಿ ತುಂಬಿಸಬಹುದು. ಬಹುಕಾಲ ನಡೆದುಬಂದ ನಿಯಮ ಹೀಗಿತ್ತು: ಒಟ್ಟು 100 ಅನಾಥ ವಹಿವಾಟುಗಳಷ್ಟೇ, ಪ್ರತಿಯೊಂದಕ್ಕೂ 20 ನಿಮಿಷ ಆಯಸ್ಸು, ಪೆಟ್ಟಿಗೆ ತುಂಬಿದರೆ ಯಾವುದಾದರೂ ಒಂದನ್ನು ಲಾಟರಿ ಎತ್ತಿದಂತೆ ಹೊರಹಾಕುವುದು. 2025ರಲ್ಲಿ ಬಂದ 30ನೇ ಆವೃತ್ತಿಯಲ್ಲಿ ಇದನ್ನು ಬದಲಿಸಿ, ಪ್ರತಿ ನೆರೆಯ ನೋಡ್‌ಗೆ ಇಷ್ಟು ಎಂದು ಪಾಲು ಹಂಚಿದ್ದಾರೆ. ಒಬ್ಬ ಕಿಡಿಗೇಡಿ ಕಸ ತುಂಬಿಸಿದರೆ ಇನ್ನೊಬ್ಬರು ಕಳಿಸಿದ್ದು ಹೊರಬೀಳಬಾರದೆಂದು. ಯಾವ ಆವೃತ್ತಿಯಾದರೂ ನೋಡ್ ರೀಸ್ಟಾರ್ಟ್ ಆದರೆ ಮೆಂಪೂಲ್ ಡಿಸ್ಕಿನಿಂದ ಮರಳಿ ಬರುತ್ತದೆ, ಅನಾಥರ ಪೆಟ್ಟಿಗೆ ಬರುವುದಿಲ್ಲ.

ಈಗ ನಿಮ್ಮ ಕೆಲಸ:

(ಅ) ಕಚ್ಚಾ ವಹಿವಾಟನ್ನು ‘ಟೆಸ್ಟ್‌ಮೆಂಪೂಲ್‌ಆಕ್ಸೆಪ್ಟ್’ ಕಮಾಂಡಿಗೆ ಕೊಡಿ. ಇದು ಕಳಿಸದೆ ಪರೀಕ್ಷೆ ಮಾತ್ರ ಮಾಡುತ್ತದೆ, ಭಯಬೇಡ. ಉತ್ತರ ‘ಮಿಸ್ಸಿಂಗ್-ಇನ್‌ಪುಟ್ಸ್’ ಎಂದರೆ ತಾಯಿಯ ಸಮಸ್ಯೆಯೇ.

(ಆ) ‘ಡಿಕೋಡ್‌ರಾಟ್ರಾನ್ಸಾಕ್ಷನ್’ ಕಮಾಂಡಿನಿಂದ ಇನ್‌ಪುಟ್‌ಗಳಲ್ಲಿರುವ ತಾಯಿ ಐಡಿಗಳನ್ನು ಬರೆದುಕೊಳ್ಳಿ. ಒಂದೊಂದನ್ನೂ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿ.

(ಇ) ತಾಯಿ ಎಲ್ಲೂ ಕಾಣದಿದ್ದರೆ ಮೊದಲು ತಾಯಿಯನ್ನು ‘ಸೆಂಡ್‌ರಾಟ್ರಾನ್ಸಾಕ್ಷನ್’ ಮೂಲಕ ಕಳಿಸಿ, ಆಮೇಲೆ ಮಗುವನ್ನು. ಕ್ರಮ ತಪ್ಪಬಾರದು. ನೀವೇ ಕನ್ಸೋಲಿನಿಂದ ಕಳಿಸುವ ವಹಿವಾಟಿಗೆ ಅನಾಥರ ಪೆಟ್ಟಿಗೆಯ ಸೌಲಭ್ಯವಿಲ್ಲ. ಅದು ಪಕ್ಕದ ನೋಡ್‌ಗಳಿಂದ ಬಂದವಕ್ಕೆ ಮಾತ್ರ. ನೀವು ಕಳಿಸಿದ್ದನ್ನು ನೇರ ತಿರಸ್ಕರಿಸುತ್ತದೆ.

(ಈ) ತಾಯಿ ಸಿಕ್ಕಿ, ಆ ಔಟ್‌ಪುಟ್ ಬೇರೆ ವಹಿವಾಟಿನಲ್ಲಿ ಆಗಲೇ ಖರ್ಚಾಗಿದ್ದರೆ ನಿಮ್ಮ ಮಗು ಅನಾಥವಲ್ಲ, ಅಸಿಂಧು. ನೋಡ್ ಎರಡಕ್ಕೂ ಒಂದೇ ಎರರ್ ಕೊಡುತ್ತದೆ. ನಾಣ್ಯ ಖರ್ಚಾಗಿದೆಯೋ ಇನ್ನೂ ಹುಟ್ಟಿಲ್ಲವೋ ಅದಕ್ಕೆ ಗೊತ್ತಾಗದು. ಕಳಿಸುವಾಗ ಬರುವ ‘ಮಿಸ್ಸಿಂಗ್‌ಆರ್‌ಸ್ಪೆಂಟ್’ ಎಂಬ ಸಂದೇಶದ ಅರ್ಥವೇ ಅದು: ಇಲ್ಲ, ಅಥವಾ ಖರ್ಚಾಗಿದೆ.

ನಿಮ್ಮ ನೋಡ್ ಈಗ ಯಾವ ಅನಾಥರನ್ನು ಇಟ್ಟುಕೊಂಡಿದೆ ಎಂದು ನೋಡುವ ಕುತೂಹಲವಿದ್ದರೆ 29ನೇ ಆವೃತ್ತಿಯಿಂದ ‘ಗೆಟ್‌ಆರ್ಫನ್‌ಟಿಎಕ್ಸ್‌ಎಸ್’ ಎಂಬ ಕಮಾಂಡ್ ಇದೆ. ಒಮ್ಮೆ ಹಾಕಿ ನೋಡಿ, ಪಟ್ಟಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ.

ಈ ಹಂತದಲ್ಲಿ ಎಡವುವ ಜಾಗಗಳು ಮೂರು. ನೋಡ್ ಇನ್ನೂ ಪೂರ್ತಿ ಸಿಂಕ್ ಆಗಿರುವುದಿಲ್ಲ; ಅದಕ್ಕೆ ಸಿಗದ ತಾಯಿ ಕಳೆದ ವಾರದ ಬ್ಲಾಕಿನಲ್ಲಿ ಇರುತ್ತಾಳೆ. ಟೆಸ್ಟ್‌ನೆಟ್ (ಪ್ರಯೋಗಕ್ಕೆಂದೇ ಇರುವ ಜಾಲ) ವಹಿವಾಟನ್ನು ಮುಖ್ಯ ಜಾಲಕ್ಕೆ ಕೊಟ್ಟಿರುತ್ತೀರಿ. ಮೂರನೆಯದು ನಿಜಕ್ಕೂ ನೋವು ಕೊಡುವಂಥದು: ಮಗುವನ್ನು ಮಾಡಿದ ಮೇಲೆ ತಾಯಿಯ ಶುಲ್ಕ ಏರಿಸಿರುತ್ತೀರಿ. ಶುಲ್ಕ ಏರಿಸಿದೊಡನೆ ತಾಯಿಯ ಐಡಿಯೇ ಬದಲಾಗುತ್ತದೆ, ಮಗು ಹಳೆಯ ಐಡಿಯನ್ನೇ ಹಿಡಿದು ಕೂತಿರುತ್ತದೆ. ಹೊಸ ತಾಯಿ ಕನ್ಫರ್ಮ್ ಆದರೆ ಆ ಮಗು ಎಂದೂ ಸಿಂಧುವಾಗದು. ಹೊಸದಾಗಿ ಬರೆದು ಸಹಿ ಹಾಕಲೇಬೇಕು.

ಈಥೀರಿಯಂನಲ್ಲಿ ತಾಯಿ-ಮಗುವಿನ ಜಾಗದಲ್ಲಿ ‘ನಾನ್ಸ್’ ಎಂಬ ಸರಣಿ ಸಂಖ್ಯೆಯಿದೆ. 7 ಕಾಣೆಯಾಗಿ 8 ಬಂದರೆ, ಗೆಥ್ ಎಂಬ ನೋಡ್ ತಂತ್ರಾಂಶ ಅದನ್ನು ‘ಪೆಂಡಿಂಗ್’ ಬದಲು ‘ಕ್ಯೂಡ್’ ಪಟ್ಟಿಯಲ್ಲಿ ಇಡುತ್ತದೆ, ಡೀಫಾಲ್ಟ್ ಆಗಿ ಒಂದು ಖಾತೆಗೆ 64ರ ತನಕ. ಪರಿಹಾರ ಅದೇ: ಕಾಣೆಯಾದ 7ನ್ನು ಮೊದಲು ಕಳಿಸಿ.

ಹಂತ 5: ಶುಲ್ಕ ಸಾಕೇ?

ಬಿಟ್‌ಕಾಯಿನ್ ಕೋರ್‌ನ ಮೆಂಪೂಲ್ ಡೀಫಾಲ್ಟ್ ಆಗಿ 300 ಎಂಬಿ. ತುಂಬಿದರೆ ಕಡಿಮೆ ದರದವನ್ನು ಹೊರಹಾಕಿ, ಒಳಬರುವ ಕನಿಷ್ಠ ದರವನ್ನು ಏರಿಸುತ್ತದೆ. ತುಂಬದಿದ್ದರೂ 336 ಗಂಟೆ, ಅಂದರೆ 14 ದಿನ ಕಳೆದರೆ ತೆಗೆದುಹಾಕುತ್ತದೆ. ಕನಿಷ್ಠ ದರ ಬಹುಕಾಲ ವರ್ಚುವಲ್ ಬೈಟಿಗೆ 1 ಸಟೋಶಿ ಇತ್ತು, 2025ರ ಆವೃತ್ತಿಗಳಲ್ಲಿ 0.1ಕ್ಕೆ ಇಳಿಸಿದ್ದಾರೆ. ಎಲ್ಲರೂ ಅಪ್‌ಡೇಟ್ ಮಾಡಿರುವುದಿಲ್ಲ, ಆದ್ದರಿಂದ 1ಕ್ಕಿಂತ ಕಡಿಮೆ ಹಾಕಿದ ವಹಿವಾಟು ಒಂದು ನೋಡ್‌ನಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿರುವುದು ಸಹಜ.

ನೀವು ಕಳಿಸಿದವರಾದರೆ ಶುಲ್ಕ ಏರಿಸಿ ಬದಲಿ ವಹಿವಾಟು ಕಳಿಸಿ. ಇದಕ್ಕೆ ಆರ್‌ಬಿಎಫ್ ಎನ್ನುತ್ತಾರೆ. ವಾಲೆಟ್‌ನಲ್ಲಿ ‘ಬಂಪ್ ಫೀ’ ಅಥವಾ ‘ಇನ್‌ಕ್ರೀಸ್ ಫೀ’ ಎಂದಿರುತ್ತದೆ. ಹಿಂದೆ ಮೊದಲೇ ಗುರುತು ಹಾಕಿದ ವಹಿವಾಟುಗಳನ್ನು ಮಾತ್ರ ಬದಲಿಸಬಹುದಿತ್ತು. 2024ರಲ್ಲಿ ಬಂದ 28ನೇ ಆವೃತ್ತಿಯಿಂದ ಬಿಟ್‌ಕಾಯಿನ್ ಕೋರ್ ಡೀಫಾಲ್ಟ್ ಆಗಿ ಯಾವುದನ್ನಾದರೂ ಬದಲಿಸಲು ಒಪ್ಪುತ್ತದೆ. ದರ ಏರಿದರೆ ಸಾಲದು, ಒಟ್ಟು ಶುಲ್ಕವೂ ಹಳೆಯದಕ್ಕಿಂತ ಹೆಚ್ಚಿರಬೇಕು.

ನೀವು ಪಡೆಯುವವರಾದರೆ ತಾಯಿಯನ್ನು ಮುಟ್ಟಲಾರಿರಿ. ಬದಲಿಗೆ, ಬರಬೇಕಾದ ಆ ಹಣವನ್ನೇ ನಿಮ್ಮ ಇನ್ನೊಂದು ವಿಳಾಸಕ್ಕೆ ದೊಡ್ಡ ಶುಲ್ಕದೊಂದಿಗೆ ಕಳಿಸಿ. ಮೈನರ್‌ಗಳು (ಬ್ಲಾಕ್ ಕಟ್ಟುವವರು) ತಾಯಿ-ಮಗು ಇಬ್ಬರನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಮಗುವಿನ ಆಸೆಗೆ ತಾಯಿಯನ್ನೂ ಎತ್ತಿಕೊಳ್ಳುತ್ತಾರೆ. ಇದು ಸಿಪಿಎಫ್‌ಪಿ. ಲೆಕ್ಕ ಮಾಡಿ ತೋರಿಸುತ್ತೇನೆ:

ತಾಯಿ 141 ವರ್ಚುವಲ್ ಬೈಟ್, ದರ 2. ಕೊಟ್ಟ ಶುಲ್ಕ 282 ಸಟೋಶಿ. ಮಗು 110 ವರ್ಚುವಲ್ ಬೈಟ್. ಈಗ ಓಡುತ್ತಿರುವ ದರ 20 ಎಂದುಕೊಳ್ಳಿ. ಇಬ್ಬರೂ ಸೇರಿ 251 ಬೈಟ್, ಬೇಕಾದ ಶುಲ್ಕ 5,020. ಅದರಲ್ಲಿ 282 ತಾಯಿ ಕೊಟ್ಟಾಗಿದೆ. ಉಳಿದ 4,738 ಸಟೋಶಿಯನ್ನು ಮಗು ಕೊಡಬೇಕು, ಅಂದರೆ ಮಗುವಿನ ದರ ಸುಮಾರು 43. ಎಷ್ಟೋ ಜನ ಮಗುವಿಗೂ 20 ಹಾಕಿ ‘ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ತಾಯಿಯ ಬಾಕಿಯನ್ನೂ ಮಗುವೇ ತೀರಿಸಬೇಕೆಂಬುದು ಮರೆತುಹೋಗಿರುತ್ತದೆ.

ಅನಾಥರ ಪೆಟ್ಟಿಗೆಗೂ ಶುಲ್ಕಕ್ಕೂ ಇಲ್ಲೊಂದು ಗಂಟಿದೆ. ಮೆಂಪೂಲ್ ತುಂಬಿದಾಗ ನೋಡ್‌ಗಳು ‘ಇಷ್ಟಕ್ಕಿಂತ ಕಡಿಮೆ ದರದ್ದು ನನಗೆ ಹೇಳಲೇಬೇಡ’ ಎಂದು ನೆರೆಯವರಿಗೆ ತಿಳಿಸಿರುತ್ತವೆ. ಆಗ ಬಡ ತಾಯಿಯ ಸುದ್ದಿ ಬರುವುದೇ ಇಲ್ಲ, ಶ್ರೀಮಂತ ಮಗುವಿನ ಸುದ್ದಿ ಬರುತ್ತದೆ. ನೋಡ್ ತಾಯಿಯನ್ನು ಕೇಳಿ ಪಡೆಯುತ್ತದೆ, ನೋಡಿದರೆ ಶುಲ್ಕ ಸಾಲದು, ತಿರಸ್ಕಾರ. ತಾಯಿಯಿಲ್ಲದೆ ಮಗುವೂ ಬಿತ್ತು. ಸಿಪಿಎಫ್‌ಪಿ ಅತ್ಯಗತ್ಯವಾದ ಹೊತ್ತಿಗೇ ಕೈಕೊಡುತ್ತಿದ್ದುದು ಹೀಗೆ. 28ನೇ ಆವೃತ್ತಿಯಿಂದ ನೋಡ್‌ಗಳು ಒಬ್ಬ ತಾಯಿ, ಒಂದು ಮಗುವಿನ ಜೋಡಿಯನ್ನು ಒಟ್ಟಿಗೆ ತೂಗಿ ನೋಡಲು ಪ್ರಯತ್ನಿಸುತ್ತವೆ. ನೀವೇ ಕಳಿಸುವುದಾದರೆ ‘ಸಬ್‌ಮಿಟ್‌ಪ್ಯಾಕೇಜ್’ ಕಮಾಂಡಿನಲ್ಲಿ ಇಬ್ಬರನ್ನೂ ಒಂದೇ ಕಟ್ಟಾಗಿ ಕೊಡಿ. ಜೋಡಿಯನ್ನು ಮುಂದೆ ದಾಟಿಸಲು ನೆರೆಯ ನೋಡ್‌ಗಳೂ ಹೊಸ ಆವೃತ್ತಿಯವಾಗಿರಬೇಕು.

ಹಂತ 6: ಕೈಬಿಡುವುದಾದರೆ ಸರಿಯಾಗಿ ಕೈಬಿಡಿ

14 ದಿನ ಕಳೆದು ಎಕ್ಸ್‌ಪ್ಲೋರರ್‌ನಿಂದ ಮಾಯವಾಯಿತು, ಹಣ ಮತ್ತೆ ವಾಲೆಟ್‌ನಲ್ಲಿ ಕಾಣುತ್ತಿದೆ. ಹಾಗೆಂದು ಹಳೆಯ ವಹಿವಾಟು ಸತ್ತಿತು ಎಂದು ತಿಳಿಯಬೇಡಿ. ಸಹಿ ಹಾಕಿದ ಚೀಟಿಗೆ ವಾಯಿದೆ ಇಲ್ಲ. ಅದರ ಪ್ರತಿ ಇಟ್ಟುಕೊಂಡ ಯಾರಾದರೂ, ಹಣ ಪಡೆಯಬೇಕಾದವರೇ ಆದರೂ, ತಿಂಗಳುಗಳ ನಂತರ ಮತ್ತೆ ಜಾಲಕ್ಕೆ ಬಿಡಬಹುದು. ನಿಮ್ಮ ವಾಲೆಟ್ ಕೂಡ ತಾನಾಗಿಯೇ ಮತ್ತೆ ಕಳಿಸುತ್ತಿರಬಹುದು. ಬಿಟ್‌ಕಾಯಿನ್ ಕೋರ್‌ನಲ್ಲಿ ‘ಅಬ್ಯಾಂಡನ್‌ಟ್ರಾನ್ಸಾಕ್ಷನ್’ ಕಮಾಂಡ್ ನಿಮ್ಮ ವಾಲೆಟ್‌ಗೆ ಅದನ್ನು ಮರೆಯಲು ಹೇಳುತ್ತದೆ ಅಷ್ಟೇ, ಜಗತ್ತಿಗೆ ಅಲ್ಲ.

ನಿಜಕ್ಕೂ ರದ್ದು ಮಾಡಬೇಕಾದರೆ ದಾರಿ ಒಂದೇ. ಹಳೆಯ ವಹಿವಾಟು ಬಳಸಿದ್ದ ಅದೇ ನಾಣ್ಯಗಳಲ್ಲಿ ಕನಿಷ್ಠ ಒಂದನ್ನು ಆರಿಸಿ, ಹೆಚ್ಚಿನ ಶುಲ್ಕದೊಂದಿಗೆ ನಿಮ್ಮದೇ ವಿಳಾಸಕ್ಕೆ ಕಳಿಸಿ. ವಾಲೆಟ್‌ನಲ್ಲಿ ‘ಕಾಯಿನ್ ಕಂಟ್ರೋಲ್’ ತೆರೆದು ನಾಣ್ಯವನ್ನು ನೀವೇ ಗುರುತು ಮಾಡಿ. ವಾಲೆಟ್‌ಗೆ ಬಿಟ್ಟರೆ ಅದು ಬೇರೆ ನಾಣ್ಯ ಆರಿಸಬಹುದು, ಆಗ ಎರಡೂ ವಹಿವಾಟು ಸಿಂಧುವಾಗಿ ಉಳಿಯುತ್ತವೆ. ಯಾರಿಗಾದರೂ ಹೊಸದಾಗಿ ಹಣ ಕಳಿಸಬೇಕಿದ್ದರೆ ಈ ರದ್ದತಿಯ ವಹಿವಾಟು 6 ಬ್ಲಾಕಿನಷ್ಟು ಆಳಕ್ಕೆ ಹೋಗುವ ತನಕ, ಸುಮಾರು ಒಂದು ಗಂಟೆ, ಕಾದು ಆಮೇಲೆ ಕಳಿಸಿ.